ಆಕಾಶದ ದಾರಿ ಕಾಯುವ ಕೆಲವೇ ಮಂದಿ

ಕಳೆದ ಬೇಸಿಗೆಯ ಒಂದು ಸಂಜೆ. ತೊರವಿಯಲ್ಲಿ ನನ್ನ ತಂಗಿಯ ಮನೆಗೆ ಹೋಗಿದ್ದೆ. ಅಸರ್ ನಮಾಝ್ ಮುಗಿಸಿ ಮಾಳಿಗೆಯ ಮೇಲೆ ಗಾಳಿಗೆ ಕುಳಿತಿದ್ದೆವು. ಕೆಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ತಂಗಿಯ ಮಗಳು ಆಕಾಶ ನೋಡುತ್ತಿದ್ದಳು. ಬಹಳ ಎತ್ತರದಲ್ಲಿ ಒಂದು ವಿಮಾನ ಬಿಳಿ ಗೆರೆ ಎಳೆದುಕೊಂಡು ಸಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂದು ಆ ಗೆರೆಯನ್ನು ಅಡ್ಡ ದಾಟಿತು.

"ಖಾಲಾ, ಮ್ಯಾಲೆ ರಸ್ತೆ ಇಲ್ಲ, ಸಿಗ್ನಲ್ ಇಲ್ಲ, ಪೊಲೀಸ್ ಇಲ್ಲ. ಎರಡೂ ಎದುರಾಬದುರಾ ಬಂದ್ರ ಯಾರು ತಡೀತಾರ?"

"ಪೊಲೀಸ್ ಇದ್ದಾರವ್ವ. ಆದ್ರ ಅವರು ಮ್ಯಾಲೆ ನಿಂತಿರೂದಿಲ್ಲ, ಕೆಳಗ ಕುಂತಿರ್ತಾರ" ಎಂದೆ.

ಅಷ್ಟು ಹೇಳಿದೆನಾದರೂ ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ. ಆ ಹುಡುಗಿ ಪಿಯುಸಿಯಲ್ಲಿ ವಿಜ್ಞಾನ ಓದಿದವಳು. ಗಣಿತದಲ್ಲಿ ಚೆನ್ನಾಗಿ ಅಂಕ ಬಂದಿತ್ತು. ನೀಟ್ ಬರೆದಿದ್ದಳು, ವೈದ್ಯಕೀಯ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಅಂದಿನಿಂದ ಮನೆಯಲ್ಲಿ ಅವಳ ಮುಂದಿನ ಓದಿನ ಬಗ್ಗೆ ದಿನವೂ ಚರ್ಚೆ. "ಅಂಚೆ ಮೂಲಕ ಬಿ.ಎ. ಕಟ್ಟಿಸಿದರಾಯಿತು, ಮನೆಯಲ್ಲೇ ಇರಲಿ" ಎಂಬುದು ತಂದೆಯ ಅಭಿಪ್ರಾಯ. "ಬಿ.ಎಸ್ಸಿ. ಮಾಡಿಸುವುದಾದರೆ ಸಿಬಿಝಡ್ ಕೊಡಿಸಿ, ಗಣಿತ ಹೆಣ್ಣುಮಕ್ಕಳಿಗೆ ಭಾರ" ಎಂಬುದು ನೆರೆಮನೆಯವರ ಸಲಹೆ. ಹುಡುಗಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅವಳ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆಂದು ಊರಿಗೆ ಮರಳಿದ ಮೇಲೆ ಓದಿದೆ, ತಿಳಿದವರಲ್ಲಿ ಕೇಳಿದೆ. ತಿಳಿದದ್ದನ್ನು ಈ ತಿಂಗಳು ನಿಮ್ಮೊಂದಿಗೂ ಹಂಚಿಕೊಳ್ಳುತ್ತಿದ್ದೇನೆ ಸಹೋದರಿಯರೇ. ಏಕೆಂದರೆ ಇದು ಒಂದು ಮನೆಯ ಮಾತಲ್ಲ.

ಕೈಯಿಂದ ಕೈಗೆ ದಾಟಿಸುವವರು

ಏರ್ ಟ್ರಾಫಿಕ್ ಕಂಟ್ರೋಲ್, ಚಿಕ್ಕದಾಗಿ ಎ.ಟಿ.ಸಿ. ಕನ್ನಡದಲ್ಲಿ ವಾಯು ಸಂಚಾರ ನಿಯಂತ್ರಣ ಎನ್ನುತ್ತಾರೆ. ವಿಮಾನ ನಿಲ್ದಾಣದಲ್ಲಿ ಸುತ್ತಲೂ ಗಾಜಿರುವ ಎತ್ತರದ ಗೋಪುರವನ್ನು ನೀವು ನೋಡಿರಬಹುದು. ಅಲ್ಲಿ ಕುಳಿತವರು ರನ್‌ವೇಯನ್ನು ಕಣ್ಣಾರೆ ನೋಡುತ್ತಾ ಯಾವ ವಿಮಾನ ಏರಬೇಕು, ಯಾವುದು ಇಳಿಯಬೇಕು ಎಂದು ಅನುಮತಿ ಕೊಡುತ್ತಾರೆ. ವಿಮಾನ ಏರಿದ ಮೇಲೆ ಅದರ ಹೊಣೆ ಇನ್ನೊಬ್ಬರಿಗೆ ಹೋಗುತ್ತದೆ. ಅವರು ರಡಾರ್ ಪರದೆಯ ಮುಂದೆ ಕುಳಿತು ನಿಲ್ದಾಣದ ಸುತ್ತಲಿನ ಆಕಾಶವನ್ನು ಕಾಯುವವರು. ಅಲ್ಲಿಂದ ದೂರ ಸಾಗಿದ ಮೇಲೆ ಮೂರನೆಯವರ ಸರದಿ. ಅವರು ಮುಂಬಯಿ, ಚೆನ್ನೈ, ದಿಲ್ಲಿ, ಕೋಲ್ಕತ್ತಾದಂಥ ದೊಡ್ಡ ಕೇಂದ್ರಗಳಲ್ಲಿ ಕುಳಿತು ನೂರಾರು ಕಿಲೋಮೀಟರ್ ಉದ್ದದ ಆಕಾಶವನ್ನು ನೋಡಿಕೊಳ್ಳುತ್ತಾರೆ. ಈದ್‌ಗಾಹದ ಜನಜಂಗುಳಿಯಲ್ಲಿ ಮಗುವನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುತ್ತೇವಲ್ಲ, ಹಾಗೆಯೇ ಇದು. ಒಬ್ಬರು ಹಿಡಿದುಕೊಳ್ಳುವ ತನಕ ಇನ್ನೊಬ್ಬರು ಬಿಡುವಂತಿಲ್ಲ.

ಮೇಲುಕೆಳಗೆ ಹಾದುಹೋಗುವ ಎರಡು ವಿಮಾನಗಳ ನಡುವೆ ಸಾಮಾನ್ಯವಾಗಿ ಕನಿಷ್ಠ 1,000 ಅಡಿ ಅಂತರ ಇರಬೇಕು. ಒಂದೇ ಎತ್ತರದಲ್ಲಿದ್ದರೆ, ರಡಾರ್ ಇರುವ ದೂರದ ಮಾರ್ಗಗಳಲ್ಲಿ 5 ನಾಟಿಕಲ್ ಮೈಲು, ಅಂದರೆ ಸುಮಾರು 9 ಕಿಲೋಮೀಟರ್ ಅಂತರ ಇರುವುದು ವಾಡಿಕೆ. 9 ಕಿಲೋಮೀಟರ್ ಎಂದರೆ ನಮಗೆ ಬಹಳವೆನಿಸುತ್ತದೆ. ಆದರೆ ಎದುರುಬದುರಾಗಿ ಬರುವ ಎರಡು ಜೆಟ್ ವಿಮಾನಗಳು ಅಷ್ಟು ದೂರವನ್ನು ಅರ್ಧ ನಿಮಿಷದೊಳಗೆ ಮುಗಿಸಿಬಿಡುತ್ತವೆ. ಆದ್ದರಿಂದ ನಿಯಂತ್ರಕರು ಈಗ ಏನಾಗುತ್ತಿದೆ ಎಂದು ನೋಡಿದರೆ ಸಾಲದು, ಐದು ನಿಮಿಷದ ನಂತರ ಏನಾಗಬಹುದು ಎಂಬುದನ್ನೂ ಮನಸ್ಸಿನಲ್ಲೇ ಲೆಕ್ಕ ಹಾಕಬೇಕು. ಹೀಗೆ ಏಕಕಾಲಕ್ಕೆ ಹಲವು ವಿಮಾನಗಳ ಲೆಕ್ಕ.

ಆದಿಲ್ ಶಾಹಿ ಕಾಲದಲ್ಲಿ ತೊರವಿ ಕಡೆಯಿಂದ ಬಿಜಾಪುರ ನಗರಕ್ಕೆ ನೆಲದೊಳಗಿನ ಸುರಂಗದಲ್ಲಿ ನೀರು ಹರಿದು ಬರುತ್ತಿತ್ತು. ಪೇಟೆಯಲ್ಲಿ ನೀರು ಕುಡಿಯುವವರಿಗೆ ಆ ಸುರಂಗ ಕಾಣುತ್ತಿರಲಿಲ್ಲ, ಅದನ್ನು ಅಗೆದವರೂ ಕಾಣುತ್ತಿರಲಿಲ್ಲ. ಈ ಕೆಲಸವೂ ಹಾಗೆಯೇ. ಗಲ್ಫ್‌ನಿಂದ ಗಂಡ ಬಂದಿಳಿದಾಗ ಪೈಲಟನನ್ನು ನೆನೆಯುವವರೇ ವಿರಳ. ಗೋಪುರದಲ್ಲಿ ಕುಳಿತವರನ್ನು ಯಾರು ನೆನೆಯುತ್ತಾರೆ?

ಈ ಉದ್ಯೋಗಕ್ಕೆ ಬಹಳ ವಯಸ್ಸೇನೂ ಆಗಿಲ್ಲ. ಇಂಗ್ಲೆಂಡಿನ ಕ್ರಾಯ್ಡನ್‌ನಲ್ಲಿ 1920ರ ಸುಮಾರಿಗೆ ಮೊದಲ ನಿಯಂತ್ರಣ ಗೋಪುರ ಎದ್ದಿತು. ಅಮೆರಿಕದ ಮೊದಲ ನಿಯಂತ್ರಕನೆಂದು ಹೆಸರಾದ ಆರ್ಚಿ ಲೀಗ್ 1929ರಲ್ಲಿ ಸೇಂಟ್ ಲೂಯಿಸ್ ನಗರದ ನಿಲ್ದಾಣದಲ್ಲಿ ಕೆಲಸ ಶುರು ಮಾಡಿದಾಗ ಅವನ ಬಳಿ ಇದ್ದದ್ದು ಒಂದು ಕೈಗಾಡಿ, ಬಿಸಿಲಿಗೆ ಒಂದು ಛತ್ರಿ ಮತ್ತು ಎರಡು ಬಾವುಟ. ಒಂದು ಬಾವುಟ ತೋರಿಸಿದರೆ ಹೋಗು, ಇನ್ನೊಂದು ತೋರಿಸಿದರೆ ನಿಲ್ಲು. 1961ರ ಅಕ್ಟೋಬರ್ 20ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇವರ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾಯಿತು. ಆ ದಿನವನ್ನು ಇಂದಿಗೂ ನಿಯಂತ್ರಕರ ದಿನವೆಂದು ಆಚರಿಸುತ್ತಾರೆ.

ಒಂದು ಮಾತು ತಪ್ಪಿದರೆ

1996ರ ನವೆಂಬರ್ 12ರ ಸಂಜೆ. ದಿಲ್ಲಿಯಿಂದ ಸೌದಿ ಅರೇಬಿಯಾದ ವಿಮಾನವೊಂದು ದಹ್ರಾನ್ ಕಡೆಗೆ ಏರಿತು. ಅದರಲ್ಲಿ 312 ಮಂದಿ ಇದ್ದರು. ದುಡಿಯಲೆಂದು ಗಲ್ಫ್‌ಗೆ ಹೊರಟಿದ್ದ ಬಡ ಕುಟುಂಬಗಳ ಗಂಡಸರು ಅವರಲ್ಲಿ ಬಹಳ. ಅದೇ ಹೊತ್ತಿಗೆ ಕಝಕಿಸ್ತಾನದ ಒಂದು ವಿಮಾನ 37 ಮಂದಿಯನ್ನು ಹೊತ್ತು ದಿಲ್ಲಿಗೆ ಇಳಿಯಲು ಬರುತ್ತಿತ್ತು. ಬರುವುದಕ್ಕೂ ಹೋಗುವುದಕ್ಕೂ ಆಗ ಅಲ್ಲಿ ಒಂದೇ ದಾರಿ. ದಿಲ್ಲಿಯ ರಡಾರ್ ಆಗ ವಿಮಾನಗಳ ಎತ್ತರವನ್ನು ತೋರಿಸುತ್ತಿರಲಿಲ್ಲ. ನಿಯಂತ್ರಕರು ಒಂದಕ್ಕೆ 14,000 ಅಡಿಯಲ್ಲಿರಲು, ಇನ್ನೊಂದಕ್ಕೆ 15,000 ಅಡಿಯಲ್ಲಿರಲು ಹೇಳಿದ್ದರು. ಕಝಕ್ ವಿಮಾನ ಆ ಮಿತಿಯಿಂದ ಕೆಳಗಿಳಿಯಿತು. ಹರಿಯಾಣದ ಚರ್ಖಿ ದಾದ್ರಿಯ ಹೊಲಗಳ ಮೇಲೆ ಎರಡೂ ಡಿಕ್ಕಿ ಹೊಡೆದವು. ಇದ್ದ 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ವಿಚಾರಣೆಯಲ್ಲಿ ನಿಯಂತ್ರಕರ ತಪ್ಪು ಕಾಣಲಿಲ್ಲ. ಹೇಳಿದ ಎತ್ತರವನ್ನು ಕಝಕ್ ವಿಮಾನದವರು ಪಾಲಿಸಲಿಲ್ಲ, ಇಂಗ್ಲಿಷ್ ಮಾತು ಅವರಿಗೆ ಸರಿಯಾಗಿ ಅರ್ಥವಾಗಿರಲಿಲ್ಲ ಎಂಬ ಅಂಶಗಳು ಹೊರಬಂದವು. ಆ ಬಳಿಕ ದಿಲ್ಲಿಯಲ್ಲಿ ಬರುವ ಹೋಗುವ ದಾರಿಗಳು ಬೇರೆಬೇರೆಯಾದವು. ಎತ್ತರ ತೋರಿಸುವ ರಡಾರ್ ಬಂತು. ಡಿಕ್ಕಿಯ ಮುನ್ಸೂಚನೆ ಕೊಡುವ ಉಪಕರಣವನ್ನು ವಿಮಾನಗಳಲ್ಲಿ ಕಡ್ಡಾಯ ಮಾಡಲಾಯಿತು. ಸರಿಯಾಗಿ ಹೇಳುವುದು, ಹೇಳಿದ್ದು ಎದುರಿನವರಿಗೆ ತಲುಪಿತೇ ಎಂದು ಕೇಳಿಸಿಕೊಳ್ಳುವುದು, ಇವೆರಡೂ ಈ ಕೆಲಸದ ಜೀವಾಳ.

ಇನ್ನೊಂದು ಘಟನೆ 2002ರ ಜುಲೈ 1ರ ರಾತ್ರಿಯದು. ಜರ್ಮನಿಯ ಊಬರ್‌ಲಿಂಗನ್ ಎಂಬ ಊರಿನ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 71 ಮಂದಿ ಸತ್ತರು. ಬಹುಪಾಲು ಶಾಲಾ ಮಕ್ಕಳು. ಮುಸ್ಲಿಮರು ಬಹಳವಾಗಿರುವ ರಷ್ಯಾದ ಬಾಶ್ಕೊರ್ತೊಸ್ತಾನ್ ಪ್ರಾಂತದವರು, ರಜೆಗೆಂದು ಸ್ಪೇನ್‌ಗೆ ಹೊರಟಿದ್ದರು. ಆ ರಾತ್ರಿ ಸ್ವಿಟ್ಜರ್‌ಲೆಂಡಿನ ನಿಯಂತ್ರಣ ಕೇಂದ್ರದಲ್ಲಿ ಇಬ್ಬರು ಕರ್ತವ್ಯದಲ್ಲಿದ್ದರು. ಒಬ್ಬರು ವಿಶ್ರಾಂತಿಗೆ ಹೋಗಿದ್ದರು. ಉಳಿದ ಒಬ್ಬರೇ ಎರಡು ಪರದೆ ನೋಡಿಕೊಳ್ಳುತ್ತಿದ್ದರು. ದುರಸ್ತಿಯ ಕಾರಣ ಟೆಲಿಫೋನ್ ಮಾರ್ಗವೂ ಸರಿಯಿರಲಿಲ್ಲ. ಅಪಾಯ ಅವರ ಗಮನಕ್ಕೆ ಬಂದಾಗ ಉಳಿದಿದ್ದ ಸಮಯ ಒಂದು ನಿಮಿಷಕ್ಕಿಂತ ಕಡಿಮೆ. ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ತಂದೆಯೊಬ್ಬ 2004ರಲ್ಲಿ ಆ ನಿಯಂತ್ರಕರನ್ನು ಅವರ ಮನೆಯಲ್ಲೇ ಕೊಂದ. ಆದರೆ ರಾತ್ರಿ ಒಬ್ಬರನ್ನೇ ಕೂರಿಸುವ ರೂಢಿಯನ್ನು ಸಹಿಸಿಕೊಂಡು ಬಂದದ್ದು ಆ ಸಂಸ್ಥೆ ಎಂದು ತನಿಖೆ ಹೇಳಿತು. ಇಬ್ಬರು ಮಾಡಬೇಕಾದ ಕೆಲಸವನ್ನು ಒಬ್ಬರ ಹೆಗಲಿಗೆ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಎಷ್ಟು ಮಂದಿ, ಯಾರು?

ನಮ್ಮ ದೇಶದಲ್ಲಿ ಈ ಕೆಲಸವನ್ನು ಮುಖ್ಯವಾಗಿ ನೋಡಿಕೊಳ್ಳುವುದು 1995ರಲ್ಲಿ ರಚನೆಯಾದ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ. ನೂರನಲವತ್ತು ಕೋಟಿ ಜನರ ದೇಶದಲ್ಲಿ ಈ ನಿಯಂತ್ರಕರ ಸಂಖ್ಯೆ ಕೆಲವೇ ಸಾವಿರ. ಹೊಸ ನೇಮಕಾತಿಯೂ ನೂರರ ಲೆಕ್ಕದಲ್ಲೇ. 2022ರಲ್ಲಿ 400, 2023ರಲ್ಲಿ 496, 2025ರಲ್ಲಿ 309 ಹುದ್ದೆಗಳಿಗೆ ಅರ್ಜಿ ಕರೆದರು. ಇದು ಇಡೀ ದೇಶಕ್ಕೆ.

ಹೆಚ್ಚು ಜನರನ್ನು ಒಮ್ಮೆಗೇ ಏಕೆ ತೆಗೆದುಕೊಳ್ಳುವುದಿಲ್ಲ? ನಿಯಂತ್ರಕರನ್ನು ಬೇಗ ತಯಾರು ಮಾಡಲು ಬರುವುದಿಲ್ಲ. ಆಯ್ಕೆಯಾದವರನ್ನು ಪ್ರಯಾಗ್‌ರಾಜ್‌ನಲ್ಲಿ 1948ರಿಂದ ಇರುವ ನಾಗರಿಕ ವಿಮಾನಯಾನ ತರಬೇತಿ ಕಾಲೇಜಿಗೋ ಹೈದರಾಬಾದ್, ಗೊಂದಿಯಾದ ಕೇಂದ್ರಗಳಿಗೋ ಕಳಿಸುತ್ತಾರೆ. ಅಲ್ಲಿ ಪಾಸಾದರೂ ಸ್ವತಂತ್ರವಾಗಿ ಮೈಕ್ ಹಿಡಿಯುವಂತಿಲ್ಲ. ನಿಯೋಜಿತ ನಿಲ್ದಾಣದಲ್ಲಿ ಅನುಭವಿಗಳ ಪಕ್ಕ ಕುಳಿತು ಕಲಿತು, ಮತ್ತೆ ಪರೀಕ್ಷೆ ಕೊಡಬೇಕು. ಬೇರೆ ನಿಲ್ದಾಣಕ್ಕೆ ವರ್ಗವಾದರೆ ಅಲ್ಲಿನ ಆಕಾಶವನ್ನು ಹೊಸದಾಗಿ ಕಲಿಯಬೇಕು. ಅಮೆರಿಕದಲ್ಲಿ 1981ರ ಆಗಸ್ಟ್‌ನಲ್ಲಿ ಮುಷ್ಕರ ಹೂಡಿದ 11,000ಕ್ಕೂ ಹೆಚ್ಚು ನಿಯಂತ್ರಕರನ್ನು ಅಧ್ಯಕ್ಷ ರೇಗನ್ ಕೆಲಸದಿಂದ ತೆಗೆದುಹಾಕಿದರು. ಆದೇಶಕ್ಕೆ ಒಂದು ದಿನ ಸಾಕಾಯಿತು, ಆ ಜಾಗಗಳನ್ನು ತುಂಬಲು ವರ್ಷಗಳೇ ಬೇಕಾದವು. ಅಲ್ಲಿ ಸಾಮಾನ್ಯವಾಗಿ 31 ತುಂಬುವುದರೊಳಗೆ ಸೇರಬೇಕು, 56ಕ್ಕೆ ಕಡ್ಡಾಯವಾಗಿ ಈ ಕೆಲಸ ಬಿಡಬೇಕು.

ಇನ್ನು ನಮ್ಮಲ್ಲಿನ ಅರ್ಹತೆ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. 2025ರ ಪ್ರಕಟಣೆಯ ಪ್ರಕಾರ ಭೌತಶಾಸ್ತ್ರ ಮತ್ತು ಗಣಿತ ಎರಡೂ ಇರುವ ಮೂರು ವರ್ಷದ ಬಿ.ಎಸ್ಸಿ. ಆಗಿರಬೇಕು. ಇಲ್ಲವೇ ಎಂಜಿನಿಯರಿಂಗ್ ಪದವಿ ಬೇಕು, ಅದರ ಯಾವುದಾದರೂ ಸೆಮಿಸ್ಟರಿನಲ್ಲಿ ಈ ಎರಡು ವಿಷಯಗಳನ್ನು ಓದಿರಬೇಕು. ಪದವಿ ಕಾಲೇಜಿಗೆ ಹೋಗಿ ಓದಿದ್ದಾಗಿರಬೇಕು, ಅಂಚೆ ಶಿಕ್ಷಣ ನಡೆಯುವುದಿಲ್ಲ. ವಯಸ್ಸು 27 ಮೀರಿರಬಾರದು. ಕೇಂದ್ರದ ಪಟ್ಟಿಯಲ್ಲಿರುವ ಹಿಂದುಳಿದ ವರ್ಗದವರಿಗೆ ಮೂರು ವರ್ಷ ಸಡಿಲಿಕೆ ಇದೆ. ನಮ್ಮ ರಾಜ್ಯದ 2ಬಿ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ನಿಮ್ಮ ಸಮುದಾಯ ಅದರಲ್ಲಿದೆಯೇ ಎಂದು ತಹಶೀಲ್ದಾರ್ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಹೆಣ್ಣುಮಕ್ಕಳಿಗೆ ಅರ್ಜಿ ಶುಲ್ಕ ಇರಲಿಲ್ಲ.

ಕಂಪ್ಯೂಟರಿನಲ್ಲಿ ಎರಡು ಗಂಟೆಯ ಪರೀಕ್ಷೆ, 120 ಪ್ರಶ್ನೆ. ಅರ್ಧದಷ್ಟು ಗಣಿತ ಮತ್ತು ಭೌತಶಾಸ್ತ್ರ, ಉಳಿದದ್ದು ಇಂಗ್ಲಿಷ್, ತರ್ಕ, ಸಾಮಾನ್ಯ ಜ್ಞಾನ. ಅದು ದಾಟಿದರೆ ಧ್ವನಿ ಪರೀಕ್ಷೆ, ಮನಸ್ಸಿನ ಸ್ಥಿಮಿತದ ಪರೀಕ್ಷೆ, ಮಾದಕ ವಸ್ತು ಸೇವನೆಯ ಪರೀಕ್ಷೆ, ಕಣ್ಣು ಕಿವಿ ಮುಂತಾದ ವೈದ್ಯಕೀಯ ತಪಾಸಣೆ. ಆಯ್ಕೆಯಾದವರ ಮೂಲ ವೇತನ 40,000 ರೂಪಾಯಿಯಿಂದ ಶುರು, ಭತ್ಯೆಗಳು ಬೇರೆ.

ಒಂದು ಎಚ್ಚರಿಕೆಯ ಮಾತು. "ಏರ್‌ಪೋರ್ಟ್ ನೌಕರಿ ಕೊಡಿಸುತ್ತೇವೆ" ಎಂದು ಲಕ್ಷಗಟ್ಟಲೆ ಹಣ ಕೇಳುವವರು ಊರೂರಲ್ಲಿದ್ದಾರೆ. ಈ ಹುದ್ದೆಗೆ ದಲ್ಲಾಳಿಯೂ ಇಲ್ಲ, ಖಾಸಗಿ ಕೋರ್ಸ್ ಬೇಕೆಂಬ ನಿಯಮವೂ ಇಲ್ಲ. ಪ್ರಾಧಿಕಾರವೇ ಆಯ್ಕೆ ಮಾಡುತ್ತದೆ, ಪ್ರಾಧಿಕಾರವೇ ಕಲಿಸುತ್ತದೆ.

ಬಾಗಿಲು ಮುಚ್ಚುವುದು ಎಲ್ಲಿ?

ಇದನ್ನೆಲ್ಲ ಬರೆದುಕೊಂಡು ಮತ್ತೆ ತೊರವಿಗೆ ಹೋದೆ. ತಂಗಿಯ ಗಂಡ ತಾಳ್ಮೆಯಿಂದ ಕೇಳಿದರು. ಬಳಿಕ ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ.

"ಆಪಾ, ಇಡೀ ದೇಶಕ್ಕ ಮುನ್ನೂರು ನೌಕರಿ. ಅದರ ಹಿಂದ ಬಿದ್ದು ಹುಡುಗಿ ವಯಸ್ಸು ಯಾಕ ಕಳೀಬೇಕ್ರೀ?"

"ಅದೊಂದರ ಹಿಂದ ಬೀಳಬ್ಯಾಡ್ರಿ ಭಾಯಿ. ಆದ್ರ ಬಾಗಿಲಾ ನಾವ ಯಾಕ ಮುಚ್ಚಬೇಕು?" ಎಂದೆ.

ಸಹೋದರಿಯರೇ, ನಾನು ಹೇಳಬೇಕೆಂದಿರುವುದು ಇಷ್ಟೇ. ಈ ಉದ್ಯೋಗದ ಬಾಗಿಲು ಬಹಳ ಕಿರಿದು. ಪರೀಕ್ಷೆಯಲ್ಲಿ ಸೋಲುವವರು ಲಕ್ಷ ಮಂದಿ ಇರಲಿ, ಅದು ಯೋಗ್ಯತೆಯ ಜರಡಿ, ಅದಕ್ಕೆ ದುಃಖವಿಲ್ಲ. ಆದರೆ ನಮ್ಮ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಆ ಜರಡಿಯವರೆಗೂ ಬರುವುದಿಲ್ಲ. ಹದಿನೆಂಟರ ವಯಸ್ಸಿನಲ್ಲಿ ಅಡುಗೆಮನೆಯ ಮಾತುಕತೆಯಲ್ಲೇ ಅವರ ಲೆಕ್ಕ ಮುಗಿದಿರುತ್ತದೆ. ಪಿಯುಸಿ ಬಳಿಕ ಗಣಿತ ಬಿಡಿಸಿದ ದಿನ ಈ ಬಾಗಿಲು ಮುಚ್ಚುತ್ತದೆ. ಅಂಚೆ ಮೂಲಕ ಬಿ.ಎ. ಕಟ್ಟಿಸಿದ ದಿನವೂ ಮುಚ್ಚುತ್ತದೆ. ಮುಚ್ಚಿದ ಸದ್ದು ಮನೆಯಲ್ಲಿ ಯಾರಿಗೂ ಕೇಳಿಸುವುದಿಲ್ಲ. ಅಂಥದೊಂದು ಬಾಗಿಲು ಇತ್ತೆಂಬುದೇ ಗೊತ್ತಿರುವುದಿಲ್ಲವಲ್ಲ!

ಗಣಿತ, ಭೌತಶಾಸ್ತ್ರ ಓದಿದ ಹುಡುಗಿ ನಿಯಂತ್ರಕಿ ಆಗದಿದ್ದರೆ ಏನು ನಷ್ಟ? ಬಿ.ಎಡ್. ಮಾಡಿ ಗಣಿತದ ಶಿಕ್ಷಕಿಯಾಗಬಹುದು. ಎಂ.ಎಸ್ಸಿ. ಓದಬಹುದು. ಬ್ಯಾಂಕಿನ ಪರೀಕ್ಷೆ, ಸರಕಾರಿ ಪರೀಕ್ಷೆ ಬರೆಯಬಹುದು. ಏನೂ ಇಲ್ಲವೆಂದರೂ ತನ್ನ ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಟ್ಯೂಷನ್ ಹುಡುಕಬೇಕಾಗಿಲ್ಲ.

ತೊರವಿಯ ವಿಷಯದಲ್ಲಿ ಇನ್ನೂ ಒಂದು ಸಂಗತಿ ಇದೆ. ಹೆಣ್ಣುಮಕ್ಕಳಿಗಾಗಿಯೇ 2003ರಲ್ಲಿ ಆರಂಭವಾದ, ಈಗ ಅಕ್ಕಮಹಾದೇವಿಯವರ ಹೆಸರು ಹೊತ್ತಿರುವ ರಾಜ್ಯ ಮಹಿಳಾ ವಿಶ್ವವಿದ್ಯಾಲಯ ಇರುವುದು ಈ ಊರಲ್ಲೇ. ಅದರ ಕೆಳಗೆ ಉತ್ತರ ಕರ್ನಾಟಕದ ಎಷ್ಟೋ ಮಹಿಳಾ ಕಾಲೇಜುಗಳಿವೆ. ಊರೂರಿನ ಹೆಣ್ಣುಮಕ್ಕಳು ಬ್ಯಾಗ್ ಹೊತ್ತು ಇಲ್ಲಿಗೆ ಬಂದು ಬಸ್ ಇಳಿಯುತ್ತಾರೆ. ಅದೇ ಊರಿನ ಹುಡುಗಿಗೆ ಅಂಚೆಯಲ್ಲಿ ಪುಸ್ತಕ ತರಿಸಬೇಕೆ?

ವಿಜಯಪುರದ ಹತ್ತಿರ ಬುರಣಾಪುರ-ಮದಭಾವಿಯಲ್ಲಿ ವಿಮಾನ ನಿಲ್ದಾಣಕ್ಕೆ 2021ರಲ್ಲಿ ಅಡಿಗಲ್ಲು ಬಿದ್ದಾಗ ಜಿಲ್ಲೆಯವರೆಲ್ಲ ಸಂತೋಷಪಟ್ಟರು. ಕಲಬುರಗಿಯಲ್ಲಿ 2019ರಲ್ಲೇ ವಿಮಾನ ಇಳಿಯಲು ಶುರುವಾಗಿತ್ತು. ನಿಲ್ದಾಣ ಬಂದರೆ ನಮ್ಮ ಹುಡುಗರಿಗೆ ಟ್ಯಾಕ್ಸಿ, ಕ್ಯಾಂಟೀನ್ ಕೆಲಸ ಸಿಗುತ್ತದೆ ಎನ್ನುತ್ತೇವೆ. ಅದೂ ಹಲಾಲ್ ದುಡಿಮೆಯೇ, ಕೀಳಲ್ಲ. ಆದರೆ ಗೋಪುರದ ಮೇಲೆ ಕುಳಿತುಕೊಳ್ಳುವವರು ಸದಾ ಬೇರೆ ಊರಿನಿಂದಲೇ ಬರಬೇಕೆಂದು ಯಾರು ಬರೆದಿಟ್ಟಿದ್ದಾರೆ?

ಕಷ್ಟಗಳನ್ನೂ ಮುಚ್ಚಿಡಬಾರದು. ಇದು ಪಾಳಿಯ ಕೆಲಸ. ರಾತ್ರಿಯೂ ಇರುತ್ತದೆ, ಹಬ್ಬದ ದಿನವೂ ಇರುತ್ತದೆ. ತರಬೇತಿಗೆ ದೂರ ಹೋಗಬೇಕು, ದೇಶದ ಯಾವ ಊರಿಗೂ ನೇಮಕವಾಗಬಹುದು. ಪರದೆಯ ಮುಂದೆ ಸತತವಾಗಿ ಸುಮಾರು ಎರಡು ಗಂಟೆಗಿಂತ ಹೆಚ್ಚು ಕೂರಿಸುವುದಿಲ್ಲ, ಮಿದುಳಿಗೆ ಅಷ್ಟು ದಣಿವು. ಮಗಳನ್ನು ದೂರ ಕಳಿಸಲು ತಾಯ್ತಂದೆಗೆ ಅಂಜಿಕೆ ಇರುವುದು ಸಹಜ. ಇದೇ ಕೆಲಸವನ್ನು ದೇಶದ ಅನೇಕ ಗೋಪುರಗಳಲ್ಲಿ ಇಂದು ಹೆಣ್ಣುಮಕ್ಕಳು ಮಾಡುತ್ತಿದ್ದಾರೆ ಎಂಬುದೂ ಅಷ್ಟೇ ಸತ್ಯ. ಪೈಲಟ್‌ಗೆ ಅವರ ಮುಖ ಕಾಣುವುದಿಲ್ಲ, ಧ್ವನಿ ಮಾತ್ರ ಕೇಳಿಸುತ್ತದೆ. ಆ ಧ್ವನಿ ಗಂಡಿನದೋ ಹೆಣ್ಣಿನದೋ, ಶ್ರೀಮಂತರ ಮನೆಯದೋ ಬಡವರ ಮನೆಯದೋ ಎಂದು ಅವನು ಕೇಳುವುದಿಲ್ಲ. ಸ್ಪಷ್ಟವಾಗಿದೆಯೇ, ನಂಬಬಹುದೇ ಎಂಬುದಷ್ಟೇ ಅವನಿಗೆ ಮುಖ್ಯ.

ನಂಬಿಕೆಯ ವಸ್ತುವಿಗೆ ನಾವು ಅಮಾನತ್ ಎನ್ನುತ್ತೇವೆ. ನೆರೆಯವರು ಇಟ್ಟುಹೋದ ಒಡವೆಯನ್ನು ಕಾಯುವುದು ಎಷ್ಟು ದೊಡ್ಡ ಹೊಣೆಯೆಂದು ನಮ್ಮ ಅಜ್ಜಿಯರು ಕಲಿಸಿದ್ದಾರೆ. ನೂರಾರು ಜನರ ಜೀವವನ್ನು, ಮುಖ ನೋಡದ, ಹೆಸರು ಕೇಳದ ಜನರ ಜೀವವನ್ನು, ರಾತ್ರಿಯೆಲ್ಲ ಎಚ್ಚರವಿದ್ದು ಕಾಯುವುದು ಎಂಥ ಅಮಾನತ್! ಹಜ್ಜ್‌ಗೆ, ಉಮ್ರಾಗೆ ಹೊರಟವರನ್ನು ಕಳಿಸಿಕೊಟ್ಟು ನಾವು ದುಆ ಮಾಡುತ್ತೇವೆ, ಅಲ್ಲಾಹನ ಮೇಲೆ ಭರವಸೆ ಇಡುತ್ತೇವೆ. ತವಕ್ಕುಲ್ ಎಂದರೆ ಕೈಕಟ್ಟಿ ಕೂರುವುದಲ್ಲವಲ್ಲ. ಮನುಷ್ಯ ಮಾಡಬೇಕಾದದ್ದನ್ನು ಮಾಡಿ ಉಳಿದದ್ದನ್ನು ಅವನಿಗೆ ಒಪ್ಪಿಸುವುದು. ನಮ್ಮವರ ಪ್ರಯಾಣದಲ್ಲಿ ಮನುಷ್ಯ ಮಾಡಬೇಕಾದ ಆ ಪಾಲನ್ನು ಮಾಡುತ್ತಿರುವವರು ಈ ಕೆಲವೇ ಸಾವಿರ ಮಂದಿ. ಅವರಲ್ಲಿ ನಮ್ಮ ಮನೆಯ ಮಕ್ಕಳೂ ಇದ್ದರೆ ಅದು ಸಂಬಳಕ್ಕಿಂತ ಮಿಗಿಲಾದ ಪುಣ್ಯವಲ್ಲವೇ?

ಆ ಹುಡುಗಿ ಈಗ ಬಿ.ಎಸ್ಸಿ. ಓದುತ್ತಿದ್ದಾಳೆ. ಭೌತಶಾಸ್ತ್ರ, ಗಣಿತ ಎರಡೂ ಇವೆ. ಪ್ರವೇಶದ ಅರ್ಜಿಗೆ ಸಹಿ ಹಾಕಿದ್ದು ಅವಳ ತಂದೆಯೇ. ಇಂಗ್ಲಿಷ್ ಇನ್ನೂ ತೊದಲುತ್ತಾಳೆ. ದಿನಾ ಸಂಜೆ ಅರ್ಧ ಗಂಟೆ ಇಂಗ್ಲಿಷ್ ಪತ್ರಿಕೆಯನ್ನು ಗಟ್ಟಿಯಾಗಿ ಓದಲು ಹೇಳಿದ್ದೇನೆ. ಅವಳು ಗೋಪುರ ಏರುತ್ತಾಳೋ ಇಲ್ಲವೋ ಅಲ್ಲಾಹನಿಗೆ ಗೊತ್ತು.

ಈ ತಿಂಗಳು ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಪಿಯುಸಿ ಮುಗಿಸಿದ ಹುಡುಗಿಯಿದ್ದರೆ ಅವಳನ್ನು ಹತ್ತಿರ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿ: "ನಿನಗೆ ಏನು ಓದಬೇಕೆನಿಸಿದೆ ಮಗಳೇ?" ಅವಳು "ಗಣಿತ" ಎಂದರೆ ದಯವಿಟ್ಟು ನಗಬೇಡಿ.